ತಿಪ್ಪೆಯೂ ಹಿಸ್ಸೆಯಾಗುತ್ತಿದ್ದ ಕಾಲ: ನಮ್ಮ ಮನೆಯ ಕಸಕ್ಕೊಂದು ಚರಿತ್ರೆ

ನಮ್ಮ ಬಳಗದ ಗೆಳೆಯನೊಬ್ಬನ ಮನೆ ತಿಮ್ಮಾಪುರದಲ್ಲಿದೆ. ಮುಧೋಳ ತಾಲ್ಲೂಕಿನ ಈ ಊರನ್ನು ಹೊರಗಿನವರು ಗುರುತಿಸುವುದು ರನ್ನನಗರದ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯಿಂದ. ಬೇಸಿಗೆಯಲ್ಲಿ ನಾವು ನಾಲ್ವರು ಅವನ ಮನೆಗೆ ಹೋದಾಗ ಹಳೆಯ ಟ್ರಂಕಿನಿಂದ ಅವನ ಅಜ್ಜನ ಕಾಲದ ವಾಟ್ನಿ ಪತ್ರವೊಂದು ಹೊರಬಂತು. ಅಣ್ಣ ತಮ್ಮಂದಿರು ಬೇರೆಯಾದಾಗ ಬರೆದುಕೊಂಡ ಪಾಲುಪಟ್ಟಿ ಅದು. ಹೊಲ, ಮನೆಯ ಅಂಕಣ, ಎತ್ತು, ಚಕ್ಕಡಿ, ತಾಮ್ರದ ಹಂಡೆ, ಹಗೇವು, ಎಲ್ಲದರ ಲೆಕ್ಕ ಇತ್ತು. ಕೊನೆಯಲ್ಲಿ ಒಂದು ಸಾಲು ನಮ್ಮನ್ನು ತಡೆದು ನಿಲ್ಲಿಸಿತು. ಊರ ಪಡುವಣದ ತಿಪ್ಪೆ ಜಾಗದಲ್ಲಿ ಮೂಡಣ ಅರ್ಧ ದೊಡ್ಡವನಿಗೆ, ಪಡುವಣ ಅರ್ಧ ಸಣ್ಣವನಿಗೆ ಎಂದು ಅಲ್ಲಿ ಬರೆದಿತ್ತು.

ಕಸ ಹಾಕುವ ಜಾಗವನ್ನು ಅಣ್ಣ ತಮ್ಮಂದಿರು ಅಳೆದು ಹಂಚಿಕೊಂಡಿದ್ದರು! ನಮಗೆ ಮೊದಲು ನಗು ಬಂತು. ಮನೆಯ ಹಿರಿಯರು ನಗಲಿಲ್ಲ. ಆ ಗಡಿಯ ಮೇಲೆ ಎರಡು ಮನೆಗಳು ಹಲವು ವರ್ಷ ಮಾತು ಬಿಟ್ಟಿದ್ದವು ಎಂದು ಹೇಳಿದರು. ಈಗ ಆ ಜಾಗದಲ್ಲಿ ಸಿಮೆಂಟಿನ ಎರಡು ಕೋಣೆಗಳಿವೆ. ಮನೆಯ ಕಸ ದಿನವೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸೇರಿ, ರಸ್ತೆ ಬದಿಯ ಜಾಲಿಗಿಡಗಳ ಬುಡಕ್ಕೆ ಬೀಳುತ್ತದೆ. ಅದಕ್ಕೆ ಯಾರೂ ಹಿಸ್ಸೆ ಕೇಳುವುದಿಲ್ಲ.

ಒಂದು ಕಾಲಕ್ಕೆ ಆಸ್ತಿಯಾಗಿದ್ದದ್ದು ಯಾರಿಗೂ ಬೇಡದ ವಸ್ತುವಾದದ್ದು ಹೇಗೆ? ಪತ್ರಿಕೋದ್ಯಮ ಓದುವಾಗ ಪ್ಲಾಸ್ಟಿಕ್ ನಿಷೇಧದ ಬಗ್ಗೆ ನಾವೂ ಬರೆದವರೇ. ಆದರೆ ನಮ್ಮದೇ ಮನೆಯ ಕಸಕ್ಕೆ ಚರಿತ್ರೆ ಇದೆ ಎಂದು ಯೋಚಿಸಿರಲಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಹಿರಿಯರ ಮಾತು ಕೇಳಿ, ಓದಿ, ನಮ್ಮ ಮನೆಗಳಲ್ಲೇ ಕಂಡದ್ದನ್ನು ಸೇರಿಸಿ ಈ ಬರಹ ಮಾಡಿದ್ದೇವೆ.

ಒಂದೊಂದು ಕಸಕ್ಕೂ ಒಂದೊಂದು ಬಾಗಿಲು

ಹಿಂದಿನ ಮನೆಯಲ್ಲಿ ಕಸ ಇರಲಿಲ್ಲ ಎನ್ನುವುದು ತಪ್ಪು. ಕಸ ಇತ್ತು, ಆದರೆ ಎಲ್ಲವೂ ಒಂದೇ ಬುಟ್ಟಿಗೆ ಬೀಳುತ್ತಿರಲಿಲ್ಲ. ಪ್ರತಿಯೊಂದಕ್ಕೂ ಅದರದ್ದೇ ಹಾದಿ ಇತ್ತು.

ಊಟದ ಪಾತ್ರೆ ತೊಳೆದ ಮುಸುರೆ ನೀರು ಬಾನಿಯಲ್ಲಿ ಸೇರಿ ಎಮ್ಮೆಗೆ ಹೋಗುತ್ತಿತ್ತು. ಕಾಯಿಪಲ್ಲೆಯ ಸಿಪ್ಪೆ, ಸೊಪ್ಪಿನ ಬೇರು ದನದ ಗ್ವಾದಲಿಗೆ ಬೀಳುತ್ತಿದ್ದವು. ಒಲೆಯ ಬೂದಿಗಂತೂ ಕೈತುಂಬ ಕೆಲಸ. ಪಾತ್ರೆ ತಿಕ್ಕಲು ಅದೇ, ಬೀಜದ ಕಾಳಿಗೆ ಹುಳು ಬೀಳದಂತೆ ಸವರಲು ಅದೇ, ಉಳಿದದ್ದು ತಿಪ್ಪೆಗೆ. ಬಚ್ಚಲ ನೀರು ಹಿತ್ತಲಿನ ಬಾಳೆಗೋ ಕರಿಬೇವಿಗೋ ಹರಿಯುತ್ತಿತ್ತು. ಸಗಣಿಯಲ್ಲಿ ಒಂದು ಪಾಲು ಕುಳ್ಳಾಗಿ ಒಲೆಗೆ, ಒಂದು ಪಾಲು ನೆಲ ಸಾರಿಸಲು, ಮಿಕ್ಕದ್ದು ತಿಪ್ಪೆಗೆ. ದನ ತಿಂದು ಬಿಟ್ಟ ಕಣಿಕೆಯ ತುಂಡು, ಗ್ವಾದಲಿಯ ಕೆಳಗಿನ ಗಂಜಲ ನೆನೆದ ಮಣ್ಣು, ಅಂಗಳ ಗುಡಿಸಿದ ಧೂಳು ಕೂಡ ಅಲ್ಲಿಗೇ. ಬೇಸಿಗೆ ಬಂದಾಗ ತಿಪ್ಪೆ ಒಡೆದು ಚಕ್ಕಡಿಗೆ ಹೇರಿ ಹೊಲಕ್ಕೆ ಸಾಗಿಸುತ್ತಿದ್ದರು. ಹಿತ್ತಲ ಬಾಗಿಲಿನಿಂದ ಹೋದದ್ದು ಮುಂದಿನ ಸುಗ್ಗಿಗೆ ಜೋಳವಾಗಿ ತಲಬಾಗಿಲಿನಿಂದ ಒಳಗೆ ಬರುತ್ತಿತ್ತು. ಬಲಿಪಾಡ್ಯಮಿಯಂದು ಸಗಣಿಯ ಪಾಂಡವರನ್ನು ಮಾಡಿ ಇಡುವ ಮನೆಗಳಲ್ಲಿ ತಿಪ್ಪೆಗೂ ಪೂಜೆ ಸಲ್ಲುತ್ತಿದ್ದುದು ಇದೇ ಕಾರಣಕ್ಕೆ. ಅದು ಮನೆಯ ಖಜಾನೆಗಳಲ್ಲೊಂದಾಗಿತ್ತು.

ಬಟ್ಟೆಯ ಹಾದಿ ಇನ್ನೂ ಉದ್ದ. ರಬಕವಿ-ಬನಹಟ್ಟಿಯ ಮಗ್ಗದಲ್ಲಿ ನೇಯ್ದ ಹತ್ತಿ ಸೀರೆ ಮೊದಲು ಹಬ್ಬಕ್ಕೆ, ಆಮೇಲೆ ದಿನದ ಬಳಕೆಗೆ, ಆಮೇಲೆ ಹೊಲದ ಕೆಲಸಕ್ಕೆ. ಅಂಚು ಸವೆದ ಮೇಲೆ ಕೂಸಿನ ತೊಟ್ಟಿಲು, ಹಸುಗೂಸಿನ ಕೆಳಗಿನ ಅರಿವೆ. ಕೊನೆಗೆ ಕೌದಿ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಓಟದ ಹೊಲಿಗೆ ಹಾಕುತ್ತ ಮಾಡುವ ಈ ಹೊದಿಕೆಯಲ್ಲಿ ಒಂದು ಮನೆಯ ಹಲವು ವರ್ಷದ ಬಟ್ಟೆ ಇರುತ್ತದೆ. ಇದು ನೆನೆ ಅಕ್ಕನ ಮದುವೆ ಸೀರೆ, ಇದು ಅಪ್ಪನ ಅಂಗಿ ಎಂದು ಬೆರಳಿಟ್ಟು ತೋರಿಸುವ ಅಜ್ಜಿಯರು ಈಗಲೂ ಇದ್ದಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಾಡಿನ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಇದರ ಒಡಹುಟ್ಟೇ. ಅದು ಅಮೆರಿಕದ ಪ್ರದರ್ಶನಾಲಯಗಳವರೆಗೆ ಹೋಗಿ ಕಲೆ ಎನಿಸಿಕೊಂಡಿತು. ನಮ್ಮ ಕೌದಿ ಮಾತ್ರ ಅಟ್ಟದ ಮೇಲೆ ಮಡಚಿಕೊಂಡು ಕೂತಿದೆ.

ಕೌದಿಯೂ ಹರಿದ ಮೇಲೆ ಒಲೆಯ ಬಿಸಿ ಪಾತ್ರೆ ಹಿಡಿಯುವ ಅರಿವೆಯಾಗಿ, ಕಡೆಗೆ ಮಣ್ಣು ಸೇರುತ್ತಿತ್ತು. ಹತ್ತಿ ಮಣ್ಣಿನಿಂದ ಬಂದದ್ದು, ಮಣ್ಣಿಗೆ ಹೋಯಿತು.

ಮನೆಯಲ್ಲಿ ತೀರದ ವಸ್ತುವಿಗೆ ಓಣಿಯಲ್ಲಿ ಗಿರಾಕಿ ಇದ್ದರು. ಒಡೆದ ಹಿತ್ತಾಳೆ ಪಾತ್ರೆಗೆ ತೇಪೆ ಹಾಕಿ ಕಲಾಯಿ ಮಾಡುವವರು ಬರುತ್ತಿದ್ದರು. ಮುಂದೆ ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬಂದರು. ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟು, ಅದಕ್ಕೆ ಪಿನ್ನು, ಬಲೂನು ಪಡೆದ ನೆನಪು ನಮಗೂ ಇದೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲು ಸಂಸ್ಕರಣೆ ಒಂದು ದೊಡ್ಡ ಉದ್ಯಮವಾಗಿ ಬೆಳೆದಿದೆ. ನಮ್ಮಜ್ಜಿಯ ಬಾಚಣಿಗೆಯಂಥವುಗಳಿಂದಲೇ ಅಂಥ ಉದ್ಯಮಕ್ಕೆ ಮಾಲು ಹೋಗುತ್ತದೆ ಎಂದು ತಿಳಿದದ್ದು ದೊಡ್ಡವರಾದ ಮೇಲೆ.

ಬರದ ಭಯ, ಹೆಣ್ಣಿನ ದುಡಿಮೆ, ಜಾತಿಯ ಹೊರೆ

ಇಷ್ಟು ಬರೆದು ಹಿಂದಿನವರೇ ಸರಿ ಎಂದು ಮುಗಿಸಿದರೆ ಅದು ಅರ್ಧ ಸತ್ಯವಾಗುತ್ತದೆ. ಈ ಮಿತವ್ಯಯದ ಬೆನ್ನಿಗೆ ಮೂರು ಸಂಗತಿಗಳಿದ್ದವು.

ಮೊದಲನೆಯದು ಬರ. ಇದು ಮಳೆ ಕಡಿಮೆಯ ಸೀಮೆ. 1876–78ರ ದೊಡ್ಡ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ಇಂದಿನ ಬಾಗಲಕೋಟೆ ವಿಜಯಪುರದ ಭಾಗ, ಭಾರೀ ಸಾವು ನೋವು ಕಂಡಿತು. ನೆಲದಡಿಯ ಹಗೇವಿನಲ್ಲಿ ಜೋಳ ತುಂಬಿ ವರ್ಷಗಟ್ಟಲೆ ಕಾಯ್ದಿಡುವ ರೂಢಿ ಬೆಳೆದದ್ದು ಇಂಥ ನೆಲದಲ್ಲಿ. ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ, ತಟ್ಟೆ ತೊಳೆದ ನೀರನ್ನೂ ಕುಡಿಯುವ ಲಿಂಗಾಯತ ಮನೆಗಳ ರೂಢಿಗೆ ಪ್ರಸಾದದ ಭಕ್ತಿ ಕಾರಣವೆನ್ನುತ್ತಾರೆ. ಅನ್ನ ಸಿಗದ ವರ್ಷಗಳ ನೆನಪೂ ಅದಕ್ಕೆ ಗಟ್ಟಿ ಕೊಟ್ಟಿರಬೇಕು ಎಂದು ನಮಗನಿಸುತ್ತದೆ.

ಎರಡನೆಯದು ಹೆಣ್ಣಿನ ದುಡಿಮೆ. ಸಗಣಿ ಬಾಚಿದವಳು, ಕುಳ್ಳು ಬಡಿದವಳು, ಬುಟ್ಟಿ ಹೊತ್ತು ತಿಪ್ಪೆಗೆ ಹಾಕಿದವಳು, ಕೌದಿ ಹೊಲಿದವಳು ಅವಳೇ. ಕುಳ್ಳಿನ ಹೊಗೆಯಲ್ಲಿ ಕಣ್ಣು ಕಳೆದುಕೊಂಡವಳೂ ಅವಳೇ. ವಾಟ್ನಿ ಪತ್ರದಲ್ಲಿ ತಿಪ್ಪೆಯನ್ನು ಹಂಚಿಕೊಂಡ ಅಣ್ಣ ತಮ್ಮಂದಿರ ಹೆಸರುಗಳಿವೆ. ಅದನ್ನು ದಿನವೂ ಕಟ್ಟಿದವಳ ಹೆಸರಿಲ್ಲ.

ಮೂರನೆಯದು ಜಾತಿ. ಸಗಣಿ ಬೂದಿ ಮನೆಯವರೇ ಹೊತ್ತರು. ಸತ್ತ ದನ, ಮನುಷ್ಯನ ಹೇಲು, ಊರ ಬೀದಿಯ ಕೊಳಕು ಇವನ್ನು ಹೊರಲು ಕೆಲವು ಕೇರಿಗಳನ್ನೇ ಗುರುತು ಮಾಡಿ ಇಡಲಾಗಿತ್ತು. ಊರು ಚೊಕ್ಕಟವಾಗಿ ಕಂಡದ್ದು ಅವರ ತಲೆಯ ಮೇಲಿನ ಬುಟ್ಟಿಯಿಂದ. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ದೇಶಕ್ಕೆ ಅಂಥ ಕಾನೂನು ಬಂದದ್ದು 1993ರಲ್ಲಿ, ಅದು ಗಟ್ಟಿಯಾದದ್ದು 2013ರಲ್ಲಿ. ನಡುವೆ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಕುಟುಂಬದವರು ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಕಸದ ಚರಿತ್ರೆ ಬರೆಯುವವರು ಆ ದಿನವನ್ನು ದಾಟಿ ಹೋಗುವಂತಿಲ್ಲ. ಆದ್ದರಿಂದ ನಾವು ಹಳೆಯ ಕಾಲವನ್ನು ಮರಳಿ ತರಬೇಕೆಂದು ಹೇಳುತ್ತಿಲ್ಲ. ಹಳೆಯ ತಿಪ್ಪೆಯ ಜಾಣತನ ಬೇಕು, ಅದರ ಅನ್ಯಾಯ ಬೇಡ.

ತಿಪ್ಪೆಯಿಂದ ಪಾಠ ಕಲಿತ ವಿಜ್ಞಾನ

ನಮ್ಮ ತಿಪ್ಪೆಯನ್ನು ಮೊದಲು ಗಂಭೀರವಾಗಿ ನೋಡಿದ ವಿಜ್ಞಾನಿಗಳಲ್ಲಿ ಆಲ್ಬರ್ಟ್ ಹೋವರ್ಡ್ ಒಬ್ಬರು. ಇಂದೋರಿನ ಸಸ್ಯ ಸಂಶೋಧನಾ ಸಂಸ್ಥೆಯಲ್ಲಿ ಅವರು ಮತ್ತು ಯಶವಂತ ವಾಡ್ ಸೇರಿ ಕಸಕಡ್ಡಿ, ಸಗಣಿ, ಗಂಜಲದ ಮಣ್ಣು, ಬೂದಿಗಳನ್ನು ಪದರವಾಗಿ ಹಾಕಿ, ಆಗಾಗ ತಿರುವಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮ ರೂಪಿಸಿದರು. 1931ರಲ್ಲಿ ಅದರ ಪುಸ್ತಕ ಬಂತು. ಇಂದೋರ್ ಪದ್ಧತಿ ಎಂದು ಅದು ಜಗತ್ತಿಗೆ ತಿಳಿಯಿತು.

ನಮ್ಮ ರಾಜ್ಯದ ಪಾಲು ಇದಕ್ಕಿಂತ ಕಡಿಮೆಯದಲ್ಲ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ಪಟ್ಟಣದ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮುಚ್ಚಿ, ತಿರುವದೆ ಬಿಟ್ಟು ಗೊಬ್ಬರ ಮಾಡುವ ಬೆಂಗಳೂರು ಪದ್ಧತಿಯನ್ನು ಕಂಡುಹಿಡಿದರು. ನೀರು ಕಡಿಮೆ ಇರುವಲ್ಲಿ, ತಿರುವಲು ಆಳು ಸಿಗದಲ್ಲಿ ಇದು ಅನುಕೂಲ. ಕಾಲ ಮಾತ್ರ ಹೆಚ್ಚು, ಆರರಿಂದ ಎಂಟು ತಿಂಗಳು ಬೇಕು. ಕೃಷಿ ಕಾಲೇಜುಗಳಲ್ಲಿ ಇಂದಿಗೂ ಈ ಎರಡೂ ಪದ್ಧತಿಗಳನ್ನು ಅಕ್ಕಪಕ್ಕದಲ್ಲಿ ಕಲಿಸುತ್ತಾರೆ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಹೆಚ್ಚು ಆಹಾರ ಬೆಳೆಯುವ ಆಂದೋಲನ ನಡೆದಾಗ ಪಟ್ಟಣಗಳ ಕಸವನ್ನು ಗೊಬ್ಬರ ಮಾಡಿ ಎಂದು ಪುರಸಭೆಗಳಿಗೆ ಸರ್ಕಾರವೇ ಹೇಳುತ್ತಿತ್ತು.

ಗಮನಿಸಬೇಕಾದ ಮಾತೊಂದಿದೆ. ಈ ಎರಡೂ ಪದ್ಧತಿ ನಡೆಯುವುದು ಕಸ ಕೊಳೆಯುತ್ತದೆ ಎಂಬ ನಂಬಿಕೆಯ ಮೇಲೆ. 1939ರ ಪಟ್ಟಣದ ಕಸವೆಂದರೆ ಹೆಚ್ಚಾಗಿ ಎಲೆ, ಸಿಪ್ಪೆ, ಬೂದಿ, ಮಣ್ಣು, ಚಿಂದಿ. ಆಚಾರ್ಯರ ಕಂದಕಕ್ಕೆ ಇಂದಿನ ಬುಟ್ಟಿಯನ್ನು ಸುರಿದರೆ ಎಂಟು ತಿಂಗಳಲ್ಲ, ಎಂಟು ತಲೆಮಾರು ಕಳೆದರೂ ಒಂದು ಪಾಲು ಹಾಗೇ ಉಳಿಯುತ್ತದೆ. ಬೆಂಗಳೂರು ಪದ್ಧತಿ ಎಂಬ ಹೆಸರನ್ನು ಜಗತ್ತಿಗೆ ಕೊಟ್ಟ ಊರಿನ ಕಸವೇ ಮುಂದೆ ಮಾವಳ್ಳಿಪುರ, ಮಂಡೂರು ಹಳ್ಳಿಗಳ ಮೇಲೆ ಗುಡ್ಡವಾಗಿ ಬಿತ್ತು. 2014ರಲ್ಲಿ ಮಂಡೂರಿನ ಜನ ಲಾರಿಗಳನ್ನು ತಡೆದು ನಿಲ್ಲಬೇಕಾಯಿತು.

ಕಾಲುವೆ ಬಂತು, ಕಬ್ಬು ಬಂತು, ಎತ್ತು ಹೋಯಿತು

ನಮ್ಮ ಸೀಮೆಯಲ್ಲಿ ತಿಪ್ಪೆ ಕರಗಿದ್ದು ಪ್ಲಾಸ್ಟಿಕ್ ಬರುವ ಮುಂಚೆಯೇ. ಅದು ಹೊಲದಿಂದ ಶುರುವಾಯಿತು.

1948ರಲ್ಲಿ ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂತು. ಆಗ ಇಲ್ಲಿನ ಹೆಚ್ಚಿನ ಹೊಲ ಜೋಳದ್ದು, ಮಳೆ ನೆಚ್ಚಿದ್ದು. 1964ರಲ್ಲಿ ಸಿಎಸ್‌ಎಚ್-1 ಎಂಬ ಹೈಬ್ರಿಡ್ ಜೋಳ ದೇಶದಲ್ಲಿ ಬಿಡುಗಡೆಯಾಯಿತು. ಅದರ ಹಿಂದೆ ಚೀಲದ ಗೊಬ್ಬರ ಬಂತು. ಹೊಸ ತಳಿಯ ದಂಟು ಗಿಡ್ಡ, ದನಕ್ಕೆ ಕಣಿಕೆ ಕಡಿಮೆ. 1977ರಲ್ಲಿ ಘಟಪ್ರಭೆಗೆ ಹಿಡಕಲ್ ಅಣೆಕಟ್ಟು ಮುಗಿದ ಮೇಲೆ ಕಾಲುವೆಯ ನೀರು ಹೆಚ್ಚಿತು. ನೀರಿನ ಹಿಂದೆ ಕಬ್ಬು ಬಂತು. ಕಬ್ಬಿನ ಹಿಂದೆ ಕಾರ್ಖಾನೆ, ಕಾರ್ಖಾನೆಯ ಹಿಂದೆ ಟ್ರ್ಯಾಕ್ಟರು. ಎತ್ತು ಮಾರಿದ ಮನೆಯಲ್ಲಿ ಸಗಣಿ ಎಲ್ಲಿಂದ ಬರಬೇಕು? ಸಗಣಿ ಇಲ್ಲದ ಮೇಲೆ ತಿಪ್ಪೆಯ ಜಾಗ ಖಾಲಿ ನಿವೇಶನವಾಗಿ ಕಂಡಿತು.

ಕಬ್ಬು ಸಾಲ ತೀರಿಸಿತು, ಮಕ್ಕಳನ್ನು ಓದಿಸಿತು. ನಮ್ಮಲ್ಲಿ ಇಬ್ಬರು ಕಾಲೇಜಿನ ಫೀ ಕಟ್ಟಿದ್ದು ಕಬ್ಬಿನ ಬಿಲ್ಲಿನಿಂದಲೇ. ದೂರುವ ಮಾತಲ್ಲ ಇದು. ಆದರೆ ಒಂದು ವಿಚಿತ್ರ ನಮಗೆ ಕಂಡಿದೆ. ಸಕ್ಕರೆ ಕಾರ್ಖಾನೆ ಎಂಬುದು ದೊಡ್ಡದೊಂದು ತಿಪ್ಪೆಯ ಲೆಕ್ಕದಲ್ಲೇ ನಡೆಯುತ್ತದೆ. ರಸ ತೆಗೆದ ಸಿಪ್ಪೆ ಬಾಯ್ಲರಿಗೆ ಹೋಗಿ ಉಗಿ, ವಿದ್ಯುತ್ತು ಆಗುತ್ತದೆ. ಕಾಕಂಬಿ ಮದ್ಯಸಾರ, ಎಥನಾಲ್ ಆಗುತ್ತದೆ. ಸೋಸಿದ ಮಡ್ಡಿ ಮತ್ತೆ ಹೊಲಕ್ಕೆ ಗೊಬ್ಬರ. ಹಳೆಯ ಬೆಲ್ಲದ ಗಾಣದಲ್ಲೂ ಒಣಗಿದ ಸಿಪ್ಪೆಯೇ ಕೊಪ್ಪರಿಗೆಯ ಕೆಳಗಿನ ಉರುವಲು. ಯಂತ್ರ ಏನನ್ನೂ ಬಿಸಾಡದಿರುವುದನ್ನು ಕಲಿತ ಅದೇ ಕಾಲದಲ್ಲಿ, ಅದರ ಸುತ್ತಲಿನ ಮನೆಗಳು ಎಲ್ಲವನ್ನೂ ಬಿಸಾಡುವುದನ್ನು ಕಲಿತವು. ಹೊಲದ ರವದಿಗೂ ಬೆಂಕಿ ಬೀಳತೊಡಗಿತು. ಮಣ್ಣಿಗೆ ಸೇರಬೇಕಾದದ್ದು ಒಂದು ಸಂಜೆಯ ಹೊಗೆಯಾಗಿ ಹೋಗುತ್ತಿದೆ.

ಬೀಳಗಿ ಕಡೆಯ ಕಥೆ ಬೇರೆ. ಆಲಮಟ್ಟಿಯ ಹಿನ್ನೀರಿಗೆ ಊರುಗಳೇ ಎದ್ದು ಪುನರ್ವಸತಿ ಕೇಂದ್ರಗಳಿಗೆ ಹೋದವು. ಅಳತೆಯ ನಿವೇಶನ, ನೇರ ರಸ್ತೆ, ವಿದ್ಯುತ್ ಕಂಬ ಎಲ್ಲ ಸಿಕ್ಕವು. ಹಳೆಯ ಊರಿನ ಹಿತ್ತಲು, ಕೊಟ್ಟಿಗೆ, ತಿಪ್ಪೆಯ ಜಾಗ ಮಾತ್ರ ಅದೇ ರೀತಿ ಜೊತೆಗೆ ಬರಲಿಲ್ಲ. ಪರಿಹಾರದ ಪಟ್ಟಿಯಲ್ಲಿ ಮನೆ, ಮರ, ಬಾವಿಗೆ ಕಾಲಂ ಇರುತ್ತದೆ. ನೂರಾರು ವರ್ಷ ನಡೆದು ಬಂದ ಒಂದು ರೂಢಿಗೆ ಯಾವ ಕಾಲಮ್ಮು?

ಕೊಡ, ಚೀಲ, ಪೊಟ್ಟಣ

ಪ್ಲಾಸ್ಟಿಕ್ ನಮ್ಮ ಮನೆಗೆ ಶತ್ರುವಾಗಿ ಬರಲಿಲ್ಲ, ನೆಂಟನಾಗಿ ಬಂತು. ಮೊದಲು ಬಂದದ್ದು ಬಣ್ಣದ ಕೊಡ. ತಾಮ್ರದ ಕೊಡ, ಮಣ್ಣಿನ ಬಿಂದಿಗೆ ಹೊತ್ತು ದೂರದಿಂದ ನೀರು ತರುತ್ತಿದ್ದ ಹೆಂಗಸರಿಗೆ ಆ ಹಗುರ ಕೊಡ ವರವೇ ಆಗಿತ್ತು. ಅದು ಒಡೆಯದು, ಅದಕ್ಕೆ ಕಲಾಯಿ ಬೇಡ. ಆ ಕೊಡ ಹತ್ತು ಹದಿನೈದು ವರ್ಷ ಬಾಳಿತು. ಬಾಯಿ ಹರಿದ ಮೇಲೆ ಅರ್ಧ ಕತ್ತರಿಸಿ ಕುರಿಗೆ ನೀರಿಟ್ಟರು, ತುಳಸಿ ನೆಟ್ಟರು. ಹೊಸ ವಸ್ತುವನ್ನೂ ಹಳೆಯ ಬುದ್ಧಿಯಿಂದಲೇ ಬಳಸಿದ ಕಾಲ ಅದು.

ಎರಡನೆಯದಾಗಿ ಬಂದದ್ದು ಕೈಚೀಲ. ಒಂದೇ ತುಂಡಿನ ಪ್ಲಾಸ್ಟಿಕ್ ಕೈಚೀಲಕ್ಕೆ ಸ್ವೀಡನ್ನಿನ ಕಂಪನಿಯೊಂದು ಪೇಟೆಂಟ್ ಪಡೆದದ್ದು 1965ರಲ್ಲಿ. ಅದು ನಮ್ಮ ಸಂತೆಗೆ ಬರಲು ಇನ್ನೂ ಬಹಳ ವರ್ಷ ಹಿಡಿಯಿತು. ಅಲ್ಲಿಯವರೆಗೆ ಸಂತೆಗೆ ಹೊರಟವರ ಹೆಗಲಲ್ಲಿ ಅರಿವೆಯ ಚೀಲ, ಎಣ್ಣೆಗೆ ಬಾಟಲಿ, ಕಿರಾಣಿ ಅಂಗಡಿಯಲ್ಲಿ ರದ್ದಿ ಕಾಗದದ ಪುಡಿಕೆ, ಅದಕ್ಕೆ ಸುತ್ತಿದ ದಾರ. ಆ ದಾರವನ್ನೂ ಬಿಚ್ಚಿ ಉಂಡೆ ಮಾಡಿ ಇಡುತ್ತಿದ್ದರು. ಕವರು ಬಂದ ಮೇಲೆ ಬರಿಗೈಯಲ್ಲಿ ಸಂತೆಗೆ ಹೋಗುವುದು ಸೌಕರ್ಯವಾಯಿತು. ಚೀಲ ಹಿಡಿದು ಹೋಗುವವನು ಹಳ್ಳಿಗನಾದ.

ಮೂರನೆಯದು ಪೊಟ್ಟಣ. ಇದೇ ನಿಜವಾದ ತಿರುವು ಎಂದು ನಮಗನಿಸುತ್ತದೆ. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಶ್ಯಾಂಪೂವನ್ನು ಸಣ್ಣ ಪೊಟ್ಟಣದಲ್ಲಿ ತುಂಬಿ ಮಾರುವ ದಾರಿ ತೋರಿಸಿದರು. ಅವರ ಮಗ ಸಿ. ಕೆ. ರಂಗನಾಥನ್ 1983ರಲ್ಲಿ ಚಿಕ್ ಶ್ಯಾಂಪೂ ತಂದರು. ಸಿರಿವಂತರು ಬಳಸುವುದನ್ನು ಕೂಲಿ ಮಾಡುವವರೂ ಬಳಸಲಿ ಎಂಬುದು ಅದರ ಹಿಂದಿನ ಯೋಚನೆ. ಕೂಲಿ ದಿನಕ್ಕೆ ಸಿಗುವ ಮನೆಗೆ ದಿನದ ಪೊಟ್ಟಣವೇ ಹೊಂದುತ್ತದೆ. ಶ್ಯಾಂಪೂವಿನ ಹಿಂದೆ ಚಹಾಪುಡಿ, ಸಾಬೂನಿನ ಪುಡಿ, ಮಸಾಲೆ, ಗುಟ್ಕಾ, ಕುರುಕುಲು ತಿಂಡಿ ಎಲ್ಲವೂ ಬಂದವು. ಕಿರಾಣಿ ಅಂಗಡಿಯ ಮುಂದೆ ಮಾಲೆಗಳು ತೂಗಿದವು.

ಪೊಟ್ಟಣದ ತೊಂದರೆ ಅದರ ಅಳತೆಯಲ್ಲಲ್ಲ, ಅದರ ಮೈಯಲ್ಲಿದೆ. ಅನೇಕ ಪೊಟ್ಟಣಗಳಲ್ಲಿ ಪ್ಲಾಸ್ಟಿಕ್ಕಿನ ಪದರ, ಅಲ್ಯುಮಿನಿಯಂ ಪದರ, ಮತ್ತೆ ಪ್ಲಾಸ್ಟಿಕ್ ಪದರ ಒಂದಕ್ಕೊಂದು ಅಂಟಿರುತ್ತವೆ. ಬಿಡಿಸಿ ಕರಗಿಸುವುದು ದುಬಾರಿ. ಆದ್ದರಿಂದ ಗುಜರಿಯವರು ಮುಟ್ಟುವುದಿಲ್ಲ. ಹರಿದ ಕೊಡವನ್ನು ಕೊಳ್ಳುವವರಿದ್ದಾರೆ, ಹಾಲಿನ ಕವರನ್ನೂ ಕೊಳ್ಳುವವರಿದ್ದಾರೆ, ಪೊಟ್ಟಣಕ್ಕೆ ಗಿರಾಕಿಯೇ ಇಲ್ಲ. ಕೂದಲಿಗೂ ಬೆಲೆ ಕಟ್ಟಿದ ನಮ್ಮ ಓಣಿಯಲ್ಲಿ ಮೊಟ್ಟಮೊದಲ ಬಾರಿಗೆ ಯಾರಿಗೂ ಬೇಡದ ವಸ್ತುವೊಂದು ಹುಟ್ಟಿತು.

ಗುಟ್ಕಾದ ಕಥೆ ಕೇಳಿ. ಗುಟ್ಕಾ, ಪಾನ್ ಮಸಾಲೆಯನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರಬಾರದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2011ರ ಮಾರ್ಚಿನಿಂದ ಜಾರಿಗೆ ಬಂತು. 2013ರ ಮೇ 31ರಂದು ಕರ್ನಾಟಕ ಗುಟ್ಕಾವನ್ನೇ ನಿಷೇಧಿಸಿತು. ಆಮೇಲೆ ಅಂಗಡಿಯಲ್ಲಿ ಏನಾಯಿತು ಗೊತ್ತೇ? ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡನ್ನೂ ಜೋಡಿಯಾಗಿ ಮಾರತೊಡಗಿದರು. ತಿನ್ನುವವನು ಅಂಗೈಯಲ್ಲಿ ಬೆರೆಸಿಕೊಂಡ. ಬಸ್ ಸ್ಟ್ಯಾಂಡಿನ ನೆಲದಲ್ಲಿ ಒಂದಿದ್ದ ಕಡೆ ಎರಡು ಬಿದ್ದವು.

ಕಾನೂನು ಹಳ್ಳಿಗೆ ತಡವಾಗಿ ಬಂತು

ಕಸದ ಕಾನೂನಿಗೂ ಕನ್ನಡ ನಾಡಿಗೂ ನಂಟಿದೆ. ಬೆಂಗಳೂರಿನ ಅಂಚಿನಲ್ಲಿ ನೆಲೆಸಿದ್ದ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದರಿಂದ 2000ದಲ್ಲಿ ದೇಶದ ಮೊದಲ ಘನತ್ಯಾಜ್ಯ ನಿಯಮಗಳು ಬಂದವು. ಅವು ಪಟ್ಟಣಗಳಿಗೆ ಮಾತ್ರ. ಹಳ್ಳಿಯಲ್ಲಿ ತಿಪ್ಪೆ ಇದೆಯಲ್ಲ, ಕಸದ ತೊಂದರೆ ಏನು ಎಂದು ಎಲ್ಲರೂ ನಂಬಿದ್ದ ಕಾಲ. ತಿಪ್ಪೆ ಹೋಗಿ ಆಗಲೇ ಬಹಳ ದಿನವಾಗಿತ್ತು.

2016ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. ಅದೇ ವರ್ಷ ಬಂದ ಕೇಂದ್ರದ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಗ್ರಾಮ ಪಂಚಾಯಿತಿಗಳ ಮೇಲೂ ಹೊಣೆ ಹೊರಿಸಿದವು. ತಯಾರಿಸಿದ ಕಂಪನಿಯೇ ತನ್ನ ಪೊಟ್ಟಣಗಳನ್ನು ಮರಳಿ ಪಡೆಯುವ ವ್ಯವಸ್ಥೆ ಮಾಡಬೇಕೆಂಬ ಮಾತು ಅದರಲ್ಲಿದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ವಸ್ತುಗಳು ದೇಶದಲ್ಲೆಲ್ಲ ನಿಷೇಧವಾದವು. ಅಂಗಡಿಗಳ ಮುಂದೆ ತೂಗುವ ಪೊಟ್ಟಣ, ಮದುವೆಯ ಸಾಲಿನಲ್ಲಿ ಹಂಚುವ ಪುಟ್ಟ ನೀರಿನ ಬಾಟಲಿ ಆ ಪಟ್ಟಿಯಲ್ಲಿ ಇಲ್ಲ. ಈಗ ಪಂಚಾಯಿತಿಗಳಲ್ಲಿ ಸ್ವಚ್ಛ ಸಂಕೀರ್ಣ ಎಂಬ ಕಸ ವಿಂಗಡಣೆಯ ಘಟಕಗಳು, ಸ್ವಸಹಾಯ ಸಂಘದ ಹೆಂಗಸರು ನಡೆಸುವ ಸ್ವಚ್ಛ ವಾಹಿನಿಗಳು ಬಂದಿವೆ. ಮತ್ತೆ ಕಸ ಹೊರುವ ಕೆಲಸ ಹೆಣ್ಣಿನ ಪಾಲಿಗೇ ಬಂತು. ಈ ಸಲ ಕೈಯಲ್ಲಿ ಸ್ಟೇರಿಂಗ್ ಇದೆ, ಹೆಸರಿಗೊಂದು ಗೌರವಧನ ಇದೆ. ಅವರಿಗೆ ನಾವು ಕೊಡುವ ಕಸ ಹೇಗಿದೆ ಎಂಬುದು ನಮ್ಮ ಕೈಯಲ್ಲಿದೆ.

ನಮ್ಮ ಮೂರು ಚೀಲ

ಬರೆಯುವುದರ ಜೊತೆಗೆ ಮಾಡಿಯೂ ನೋಡೋಣ ಎಂದು ನಾವು ನಾಲ್ವರೂ ನಮ್ಮ ನಮ್ಮ ಮನೆಯಲ್ಲಿ ಒಂದು ತಿಂಗಳು ಏನನ್ನೂ ಹೊರಗೆ ಎಸೆಯಲಿಲ್ಲ. ಮೂರು ಪಾಲು ಮಾಡಿದೆವು.

ಕೊಳೆಯುವುದನ್ನು ಹಿತ್ತಲಿನ ಗುಂಡಿಗೆ ಹಾಕಿದೆವು. ಹಿತ್ತಲಿಲ್ಲದ ಬಾಡಿಗೆ ಮನೆಯವನು ತೂತು ಮಾಡಿದ ಹಳೆಯ ಮಣ್ಣಿನ ಗಡಿಗೆಗೆ ಹಾಕಿದ. ಒಂದು ಪದರ ಸಿಪ್ಪೆ, ಒಂದು ಪದರ ಒಣ ಎಲೆ, ಮೇಲೆ ಒಂದು ಹಿಡಿ ಮಣ್ಣು. ಮೊದಲ ವಾರ ನೀರು ಹೆಚ್ಚಾಗಿ ನಾತ ಬಂತು, ಮನೆಯಲ್ಲಿ ಬೈಸಿಕೊಂಡೆವು. ಒಣ ಎಲೆ ಹೆಚ್ಚು ಮಾಡಿದ ಮೇಲೆ ನಾತ ಹೋಯಿತು. ತೂಕದಲ್ಲಿ ದೊಡ್ಡ ಪಾಲು ಇದೇ ಎಂದು ಎತ್ತಿದರೇ ತಿಳಿಯುತ್ತಿತ್ತು. ಗುಜರಿಗೆ ಹೋಗುವ ಕಾಗದ, ರಟ್ಟು, ಬಾಟಲಿ, ತಗಡು, ತೊಳೆದು ಒಣಗಿಸಿದ ಹಾಲಿನ ಕವರು ಎರಡನೇ ಚೀಲ. ಅದನ್ನು ಮಾರಿದೆವು. ಬಂದ ಹಣಕ್ಕೆ ಚಹಾ ಕುಡಿದೆವು.

ಮೂರನೇ ಚೀಲವೇ ಉಳಿದದ್ದು. ಅದರಲ್ಲಿ ಶ್ಯಾಂಪೂ, ಚಿಪ್ಸು, ಬಿಸ್ಕೀಟು, ಮಸಾಲೆಯ ಪೊಟ್ಟಣಗಳು, ಮಾತ್ರೆಯ ಹಾಳೆಗಳು, ಕೂಸಿರುವ ಮನೆಯಲ್ಲಿ ಡೈಪರು. ಹಗುರವಾದರೂ ಉಬ್ಬಿದ ಚೀಲ. ಹರವಿ ನೋಡಿದಾಗ ನಮಗೆ ಅನಿಸಿದ್ದು ಇದು: ಇದರಲ್ಲಿ ಒಂದೂ ನಮ್ಮಜ್ಜಿಯ ಮನೆಯಲ್ಲಿ ಇರಲಿಲ್ಲ. ಹೆಚ್ಚುಕಡಿಮೆ ಎಲ್ಲವೂ ನಮ್ಮ ಅಪ್ಪ ಅಮ್ಮಂದಿರ ಆಯುಷ್ಯದಲ್ಲೇ ಮನೆಯೊಳಗೆ ಬಂದವು.

ಈ ಮೂರನೇ ಚೀಲಕ್ಕೆ ನಮ್ಮ ಊರುಗಳು ಕಂಡುಕೊಂಡ ದಾರಿ ಬೆಂಕಿ. ಬಚ್ಚಲ ಒಲೆಗೆ ಕವರು ತುರುಕಿ ಸ್ನಾನದ ನೀರು ಕಾಯಿಸುವುದು ನಮ್ಮ ಮನೆಗಳಲ್ಲೂ ನಡೆಯುತ್ತಿತ್ತು. ಬೇಗ ಹೊತ್ತುತ್ತದೆ, ಕಟ್ಟಿಗೆ ಉಳಿಯುತ್ತದೆ. ತಗ್ಗು ಉರಿಯಲ್ಲಿ ಪ್ಲಾಸ್ಟಿಕ್ ಸುಟ್ಟರೆ ವಿಷದ ಹೊಗೆ, ಅದರಲ್ಲೂ ಪಿವಿಸಿ ಸೇರಿದ್ದರೆ ಡಯಾಕ್ಸಿನ್, ಬರುತ್ತದೆ. ಅದನ್ನು ಮೊದಲು ಕುಡಿಯುವವಳು ಒಲೆಯ ಮುಂದೆ ಕೂತ ಅವ್ವ. ನಮ್ಮಲ್ಲೊಬ್ಬಳು ಇದನ್ನು ತನ್ನ ಅವ್ವನಿಗೆ ಹೇಳಿದಾಗ ಅವ್ವ ಕೇಳಿದ ಪ್ರಶ್ನೆ ನಮಗೆ ಇನ್ನೂ ಕಾಡುತ್ತಿದೆ. ಸುಡಬ್ಯಾಡ ಅಂತಿ, ಹಂಗಾರ ಎಲ್ಲಿ ಹಾಕ್ಲಿ?

ಅವ್ವನ ಪ್ರಶ್ನೆಗೆ ನಮ್ಮ ಬಳಿ ಅರ್ಧ ಉತ್ತರವಿದೆ. ಮೊದಲ ಎರಡು ಚೀಲ ನಮ್ಮ ಕೈಯಲ್ಲಿವೆ, ಇಂದೇ ಶುರು ಮಾಡಬಹುದು. ಮೂರನೆಯದನ್ನು ಸಣ್ಣದು ಮಾಡಬಹುದು: ಸಂತೆಗೆ ಚೀಲ, ಬಿಡಿ ಸಾಮಾನು ಕೊಳ್ಳುವಾಗ ಡಬ್ಬಿ, ತಿಂಗಳಿಗೊಮ್ಮೆ ಕೊಳ್ಳಲಾಗುವುದನ್ನು ದಿನದ ಪೊಟ್ಟಣದಲ್ಲಿ ಕೊಳ್ಳದಿರುವುದು, ಜಾತ್ರೆ ಮದುವೆಗೆ ಮುತ್ತುಗದ ಪತ್ರಾವಳಿ, ಸ್ಟೀಲ್ ಲೋಟ. ಉಳಿದದ್ದನ್ನು ತೊಳೆದು ಬೇರೆ ಚೀಲದಲ್ಲಿ ಸ್ವಚ್ಛ ವಾಹಿನಿಗೆ ಕೊಡಬಹುದು. ಗಾಡಿ ಬಾರದ ಊರಿನವರು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಮಿಕ್ಕ ಅರ್ಧ ಉತ್ತರ ಅವ್ವನದ್ದೂ ಅಲ್ಲ, ನಮ್ಮದೂ ಅಲ್ಲ. ಮಣ್ಣಿಗೂ ಸೇರದ, ಗುಜರಿಗೂ ಬೇಡದ ವಸ್ತುವನ್ನು ಮಾಡಿ ಊರಿಗೆ ಕಳಿಸಿದವರು ಅದನ್ನು ಮರಳಿ ಒಯ್ಯಬೇಕು. 2016ರ ನಿಯಮದಲ್ಲಿ ಬರೆದದ್ದೂ ಅದನ್ನೇ. ಹೆಂಗಸರಿಗೆ ಸುಡಬೇಡ ಎಂದು ಹೇಳುವಷ್ಟೇ ಗಟ್ಟಿಯಾಗಿ ಇದನ್ನೂ ಕೇಳಬೇಕು. ಪತ್ರಿಕೋದ್ಯಮ ಓದಿದ ನಮ್ಮಂಥವರ ಕೆಲಸ ಅಲ್ಲಿದೆ.

ತಿಮ್ಮಾಪುರದಿಂದ ಹೊರಡುವ ಮುಂಚೆ ಗೆಳೆಯ ಆ ವಾಟ್ನಿ ಪತ್ರವನ್ನು ಮಡಚಿ ಮತ್ತೆ ಟ್ರಂಕಿನಲ್ಲಿಟ್ಟ. ಅವನಿಗೂ ಒಬ್ಬ ತಮ್ಮನಿದ್ದಾನೆ. ಮುಂದೊಂದು ದಿನ ಅವರ ಪತ್ರವೂ ಬರೆಯಲ್ಪಡುತ್ತದೆ. ಹೊಲ, ಮನೆ, ಬೈಕು, ಬ್ಯಾಂಕಿನ ಸಾಲ ಎಲ್ಲ ಅದರಲ್ಲಿ ಇರುತ್ತವೆ. ಜಾಲಿಗಿಡದ ಬುಡದಲ್ಲಿ ಬಿದ್ದ ಚೀಲಗಳನ್ನು ಮಾತ್ರ ಯಾರೂ ಬರೆಯುವುದಿಲ್ಲ. ಬರೆಯದಿದ್ದರೂ ಅವು ಇಬ್ಬರಿಗೂ ಸಮಪಾಲು ಸಿಗುತ್ತವೆ, ಅವರ ಮಕ್ಕಳಿಗೂ ಸಿಗುತ್ತವೆ. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಪತ್ರವಿದ್ದರೆ ತೆಗೆದು ನೋಡಿ. ತಿಪ್ಪೆಯ ಸಾಲು ಸಿಕ್ಕರೆ, ಆ ಜಾಗದಲ್ಲಿ ಈಗ ಏನಿದೆ ಎಂದು ಒಮ್ಮೆ ಹೋಗಿ ನಿಂತು ಬನ್ನಿ.